ತೂಗು ಗ್ರಾಫೀನ್: ಎಲೆಕ್ಟ್ರಾನ್ ರಚನೆಯ ಮಾಪನ

1. ಗ್ರಾಫೀನ್: ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ, ಜೇನುಗೂಡಿನಂತಹ ಷಟ್ಕೋನ ಜೋಡಣೆ.
2. ಪ್ರತ್ಯೇಕಿಸಿದ್ದು: 2004, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ. ಆಂದ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್. ಭೌತಶಾಸ್ತ್ರ ನೊಬೆಲ್ 2010.
3. ತೂಗು ಗ್ರಾಫೀನ್: ಅಂಚುಗಳಿಗಷ್ಟೇ ಆಸರೆ, ನಡುಭಾಗದ ಕೆಳಗೆ ಖಾಲಿ. ತಲಾಧಾರದ ಪ್ರಭಾವ ತಪ್ಪುವುದರಿಂದ ಸಹಜ ಗುಣಗಳನ್ನು ಅಳೆಯಬಹುದು.
4. ಮಾಪನ ವಿಧಾನ: ಆರ್ಪೆಸ್ (ARPES, ಕೋನ-ವಿಭೇದಿತ ದ್ಯುತಿ-ಉತ್ಸರ್ಜನ ರೋಹಿತದರ್ಶನ). ತತ್ವ: ದ್ಯುತಿವಿದ್ಯುತ್ ಪರಿಣಾಮ. ಬೆಳಕು ಬಿದ್ದಾಗ ಹೊರಬಿದ್ದ ಎಲೆಕ್ಟ್ರಾನಿನ ಶಕ್ತಿ ಮತ್ತು ಕೋನದಿಂದ ಶಕ್ತಿ–ಸಂವೇಗ ಸಂಬಂಧ ತಿಳಿಯುತ್ತದೆ.
5. ಡಿರಾಕ್ ಬಿಂದು: ವೇಲೆನ್ಸಿ ಪಟ್ಟಿ, ವಹನ ಪಟ್ಟಿ ಕೂಡುವ ಬಿಂದು. ಇದರ ಬಳಿ ಶಕ್ತಿ–ಸಂವೇಗ ಸಂಬಂಧ ಸರಳರೇಖೀಯ.
6. ಫರ್ಮಿ ವೇಗ (ಡಿರಾಕ್ ಬಿಂದುವಿನ ಬಳಿ ಎಲೆಕ್ಟ್ರಾನ್‌ಗಳ ವೇಗ): ಸುಮಾರು 10 ಲಕ್ಷ ಮೀ/ಸೆ (ಬೆಳಕಿನ ವೇಗದ 1/300).

ಗೊಂದಲ ಬೇಡ:
• ಗ್ರಾಫೈಟ್: ಹಲವು ಪದರ, ಗ್ರಾಫೀನ್: ಒಂದೇ ಪದರ.
• ಗ್ರಾಫೀನ್‌ನ ಪಟ್ಟಿ ಅಂತರ (ವೇಲೆನ್ಸಿ, ವಹನ ಪಟ್ಟಿಗಳ ನಡುವಿನ ಶಕ್ತಿ ಅಂತರ) ಶೂನ್ಯ. ಸಿಲಿಕಾನ್‌ನದು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್.
• ಐನ್‌ಸ್ಟೀನ್‌ಗೆ 1921ರ ನೊಬೆಲ್: ದ್ಯುತಿವಿದ್ಯುತ್ ಪರಿಣಾಮಕ್ಕೆ, ಸಾಪೇಕ್ಷತಾ ಸಿದ್ಧಾಂತಕ್ಕಲ್ಲ.