ನಾಯಿಯ ಕಾಲಿಗೊಂದು ಆಸರೆಪಟ್ಟಿ

ಮಕ್ಕಳೇ, ಬೈಕ್ ಬಡಿದ ನಾಯಿ ಮುಂಗಾಲು ಎಳೆದುಕೊಂಡು ಹೋಗೋದನ್ನು ನೀವು ನೋಡಿರಬಹುದು. ಮೂಳೆ ಮುರಿಯದಿದ್ದರೂ ಹೀಗಾಗುತ್ತೆ. ರೇಡಿಯಲ್ ನರಕ್ಕೆ ಪೆಟ್ಟಾದರೆ, ಪಾದವನ್ನು ಮುಂದಕ್ಕೆ ಚಾಚುವ ಸ್ನಾಯುಗಳಿಗೆ ಮಿದುಳಿನ ಸಂದೇಶ ತಲುಪಲ್ಲ. ಪಾದ ಮಡಚಿಕೊಂಡು ಅದರ ಮೇಲ್ಭಾಗ ನೆಲಕ್ಕೆ ಉಜ್ಜುತ್ತೆ. ಅಲ್ಲಿ ಸ್ಪರ್ಶವೂ ತಿಳಿಯದ್ದರಿಂದ ಚರ್ಮ ಸುಲಿದರೂ ನಾಯಿಗೆ ಗೊತ್ತಾಗಲ್ಲ.

ಬ್ರೇಸ್ ಎಂಬ ಆಸರೆಪಟ್ಟಿ ಪಾದವನ್ನು ನೇರವಾಗಿ ಹಿಡಿದು ಅಂಗಾಲು ನೆಲಕ್ಕೆ ಊರುವಂತೆ ಮಾಡುತ್ತೆ. ನೆನಪಿಡಿ: ಅದು ನರವನ್ನು ವಾಸಿ ಮಾಡಲ್ಲ, ವಾಸಿಯಾಗುವ ತನಕ ಪಾದವನ್ನು ಕಾಯುತ್ತೆ. ನರ ಪೂರ್ತಿ ತುಂಡಾಗಿರದಿದ್ದರೆ ಅದರ ತಂತುಗಳು ದಿನಕ್ಕೆ ಸುಮಾರು 1 ಮಿ.ಮೀ. ಮರುಬೆಳೆಯಬಲ್ಲವು. ಹಾಗಾದರೆ 12 ಸೆಂ.ಮೀ. ದೂರದ ಸ್ನಾಯು ತಲುಪಲು ಎಷ್ಟು ದಿನ ಬೇಕು? ಲೆಕ್ಕ ಹಾಕಿ. ಅಷ್ಟೂ ದಿನ ಪಟ್ಟಿಯನ್ನು ಆಗಾಗ ಬಿಚ್ಚಿ, ಒಳಗೆ ಹುಣ್ಣಾಗಿದೆಯಾ ಅಂತ ನಾವೇ ನೋಡಬೇಕು.