ಮಡಕೆ, ಕುಂಬಾರ ಮತ್ತು ಹುತ್ತ


*ಇಂದಿನ ಧಮ್ಮ ಚಿಂತನೆ*

ಕಳೆದ ವಾರ ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿಗೆ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: "ಮೇಡಂ, ನೀವು ದೇವರಿಲ್ಲ ಅಂತೀರಿ. ಮಡಕೆ ಇದೆ ಅಂದಮೇಲೆ ಕುಂಬಾರ ಇರಲೇಬೇಕಲ್ಲ? ಇಷ್ಟು ದೊಡ್ಡ ಜಗತ್ತು ತಾನಾಗೇ ಆಯ್ತಾ?" ಅವರ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ನಾನು ಕನ್ನಡ ಎಂ.ಎ. ಮಾಡಿದವಳು, ತರ್ಕಶಾಸ್ತ್ರ ಓದಿದವಳಲ್ಲ. ಉತ್ತರ ಹೊಳೆಯದೆ ಚಪಾತಿ ಮುರಿಯುತ್ತ ಕುಳಿತೆ. ನಮ್ಮ ಬಳಗದ ಅನೇಕರಿಗೂ ಈ ಪ್ರಶ್ನೆ ಎದುರಾಗಿರುತ್ತದೆ. ಹಾಗಾಗಿ ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಾದ ಬಹಳ ಹಳೆಯದು. ನ್ಯಾಯ ದರ್ಶನದ ಪಂಡಿತರು ಈಶ್ವರನನ್ನು ಸಾಧಿಸಲು ಶತಮಾನಗಳ ಕಾಲ ಇದೇ ಮಡಕೆಯನ್ನು ಮುಂದಿಟ್ಟರು. ಬೌದ್ಧರ ಕಡೆಯಿಂದ ಉತ್ತರಿಸಿದವರಲ್ಲಿ ಧರ್ಮಕೀರ್ತಿ ದೊಡ್ಡ ಹೆಸರು. ಸುಮಾರು 7ನೇ ಶತಮಾನದವರು. ಅವರ 'ಪ್ರಮಾಣವಾರ್ತಿಕ'ದ ಸಂಸ್ಕೃತ ಪ್ರತಿಗಳನ್ನು 1930ರ ದಶಕದಲ್ಲಿ ಟಿಬೆಟ್ಟಿನ ಮಠಗಳಲ್ಲಿ ಹುಡುಕಿ ಬೆಳಕಿಗೆ ತಂದವರು ರಾಹುಲ ಸಾಂಕೃತ್ಯಾಯನರು. ನಮ್ಮ ನೆಲದ ಪುಸ್ತಕಕ್ಕಾಗಿ ಹಿಮಾಲಯ ದಾಟಬೇಕಾಯಿತು!

ಧರ್ಮಕೀರ್ತಿಯ ಉತ್ತರ ಇಷ್ಟು: ಮಣ್ಣು ರೂಪ ಪಡೆದದ್ದನ್ನೆಲ್ಲ ಕುಂಬಾರನೇ ಮಾಡಿದ್ದು ಎನ್ನುವುದಾದರೆ, ಹುತ್ತವನ್ನೂ ಕುಂಬಾರನೇ ಮಾಡಿದ ಎನ್ನಬೇಕಾಗುತ್ತದೆ.

ನಾವು ಮಡಕೆ ನೋಡಿ ಕುಂಬಾರನನ್ನು ಊಹಿಸುವುದು ಏಕೆ? ತಿಗರಿ ತಿರುಗಿಸುವ ಕುಂಬಾರನನ್ನು ಕಣ್ಣಾರೆ ಕಂಡಿದ್ದೇವೆ, ಅದಕ್ಕೆ. ಬೆಟ್ಟವನ್ನೋ ಭೂಮಿಯನ್ನೋ ಯಾರಾದರೂ ಮಾಡುತ್ತಿದ್ದುದನ್ನು ಕಂಡವರಿಲ್ಲ. ಎರಡಕ್ಕೂ 'ಆಕಾರ' ಎಂಬ ಒಂದೇ ಮಾತು ಬಳಸಿದ ಮಾತ್ರಕ್ಕೆ ಎರಡರ ಕಾರಣವೂ ಒಂದೇ ಆಗುವುದಿಲ್ಲ.

ಮರುದಿನ ಇದನ್ನು ಹೇಳಿದೆ. ಅವರು ನಕ್ಕು, "ಗೆದ್ದಲಾದರೂ ಕಟ್ಟಿತಲ್ಲ ಮೇಡಂ, ಕಟ್ಟಿದವರು ಇದ್ದೇ ಇದ್ದಾರೆ" ಎಂದರು. ಒಳ್ಳೆಯ ಮಾತೇ. ಆದರೆ ಗೆದ್ದಲು ಕಟ್ಟಿತು ಎಂದು ತಿಳಿದದ್ದು ಹುತ್ತದ ಬಳಿ ಕುಳಿತು ನೋಡಿದವರಿಂದ, ಮಡಕೆಯನ್ನು ನೋಡಿ ಅಲ್ಲ. ಅಲ್ಲಿ ಕಂಡದ್ದಾದರೂ ಏನು? ಸಾವಿರಾರು ಕಣ್ಣಿಲ್ಲದ ಪುಟ್ಟ ಹುಳುಗಳು. ಒಂದಕ್ಕೂ ಇಡೀ ಹುತ್ತದ ನಕ್ಷೆ ಗೊತ್ತಿಲ್ಲ. ಮೇಸ್ತ್ರಿಯೂ ಇಲ್ಲ.

ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ, ಈಶ್ವರನ ನಂಬಿಕೆ ಧಮ್ಮವಲ್ಲ ಎಂದು ವಿವರಿಸುವ ಭಾಗದಲ್ಲಿ, ಇನ್ನೊಂದು ಪ್ರಶ್ನೆ ಇದೆ. ದೇವರು ಯಾವುದೋ ವಸ್ತುವಿನಿಂದ ಜಗತ್ತನ್ನು ಮಾಡಿದ್ದರೆ, ಆ ವಸ್ತು ಅವನು ಮಾಡುವ ಮೊದಲೇ ಇತ್ತು. ಅದರ ಸೃಷ್ಟಿಕರ್ತ ಅವನು ಹೇಗಾದಾನು? ಕುಂಬಾರ ಕೆರೆಯ ಮಣ್ಣನ್ನು ಸೃಷ್ಟಿಸಲಿಲ್ಲವಲ್ಲ!

ಇಷ್ಟರಿಂದ ದೇವರಿಲ್ಲ ಎಂದು ಸಾಬೀತಾಯಿತೆ? ಇಲ್ಲ, ನಾವು ಹಾಗೆ ಜಂಭ ಪಡಬಾರದು. ಮಡಕೆ ತೋರಿಸಿ ದೇವರನ್ನು ಸಾಧಿಸಲಾಗದು ಎಂಬುದಷ್ಟೇ ಸಾಬೀತಾಯಿತು. ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಗೆದ್ದು ಏನಾಗಬೇಕಿದೆ?

ಹುತ್ತ ಎಂದೊಡನೆ ನನಗೆ ಅವ್ವನ ನೆನಪಾಗಿತ್ತು. ನಮ್ಮ ಮನೆಯವರೆಲ್ಲ ಧಮ್ಮ ದೀಕ್ಷೆ ಪಡೆದೆವು, 22 ಪ್ರತಿಜ್ಞೆಗಳನ್ನು ಅವ್ವನೂ ಹೇಳಿದಳು. ಆದರೂ ಷಷ್ಠಿಯ ದಿನ ಸೆರಗಿನಲ್ಲಿ ಹಾಲಿನ ಲೋಟ ಮುಚ್ಚಿಕೊಂಡು ಹೊಲದ ಹುತ್ತಕ್ಕೆ ತನಿ ಎರೆಯಲು ಹೋಗುತ್ತಾಳೆ. ನನ್ನ ಅಣ್ಣ ಒಮ್ಮೆ ಅವಳನ್ನು ಗದರಿದ. ನನಗೆ ಗದರಲು ಬಾಯಿ ಬರಲಿಲ್ಲ, ಕಾರಣ ಗೊತ್ತಿತ್ತು.

1991ರ ಮಳೆಗಾಲ. ನನ್ನ ತಮ್ಮನಿಗೆ ಆಗ 6 ವರ್ಷ. ವಾಂತಿಭೇದಿ ಶುರುವಾಗಿ ಎರಡನೇ ದಿನ ಹೋಗಿಬಿಟ್ಟ. ಊರಿನವರೂ ಕೇರಿಯವರೂ ಒಂದೇ ಮಾತು ಹೇಳಿದರು: ದೇವರು ಕರೆದುಕೊಂಡ. ಹಣೆಯಲ್ಲಿ ಬರೆದದ್ದು ಅಷ್ಟೇ ಎಂದರು. ಅವ್ವನಿಗೆ ಆ ಮಾತು ಬೇಕಿತ್ತು. ಕರೆದುಕೊಂಡವನು ಒಬ್ಬ ಇದ್ದರೆ ಮಗ ಎಲ್ಲೋ ಒಂದು ಕಡೆ ಇದ್ದಾನೆ. ಹಾಲು ಎರೆದರೆ ಉಳಿದ ಮಕ್ಕಳನ್ನಾದರೂ ಬಿಟ್ಟಾನು.

ಅಂಗುತ್ತರ ನಿಕಾಯದ ತಿಕ ನಿಪಾತದಲ್ಲಿ ಭಗವಾನರು ಮೂರು ಮತಗಳನ್ನು ಪರೀಕ್ಷಿಸುತ್ತಾರೆ. ಸುಖ ದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುವುದು ಒಂದು, ಎಲ್ಲವೂ ಈಶ್ವರನ ಸೃಷ್ಟಿ ಎನ್ನುವುದು ಇನ್ನೊಂದು, ಯಾವುದಕ್ಕೂ ಕಾರಣವೇ ಇಲ್ಲ ಎನ್ನುವುದು ಮೂರನೆಯದು. ಈಶ್ವರನೇ ಎಲ್ಲ ಮಾಡಿಸುವುದಾದರೆ ಕೊಲೆ ಮಾಡುವವನೂ ಕದಿಯುವವನೂ ಈಶ್ವರನಿಂದಲೇ ಹಾಗಾದರು ಎನ್ನಬೇಕಾಗುತ್ತದೆ. ಆಗ ಇದನ್ನು ಮಾಡಬೇಕು, ಇದನ್ನು ಮಾಡಬಾರದು ಎಂಬ ಪ್ರಯತ್ನಕ್ಕೆ ಜಾಗವೇ ಉಳಿಯುವುದಿಲ್ಲ. ಗಮನಿಸಿ, ದೇವರ ಇಚ್ಛೆಯ ಜೊತೆಗೇ ಹಣೆಬರಹವನ್ನೂ ಅವರು ಪಕ್ಕಕ್ಕಿಡುತ್ತಾರೆ. ಪೂರ್ವಜನ್ಮದ ಪಾಪದಿಂದ ಈ ಜಾತಿಯಲ್ಲಿ ಹುಟ್ಟಿದಿರಿ ಎಂದು ಕೇಳಿಸಿಕೊಂಡು ಬಂದ ನಮಗೆ ಇದು ಸಣ್ಣ ವಿಷಯವಲ್ಲ.

ಭಗವಾನರು ಕಲಿಸಿದ್ದು 'ಇದು ಇದ್ದುದರಿಂದ ಅದು ಆಯಿತು' ಎಂದು ಹುಡುಕುವುದನ್ನು. ಹಾಗೆ ಹುಡುಕಿದರೆ ನನ್ನ ತಮ್ಮನ ಸಾವಿಗೆ ಏನು ಸಿಗುತ್ತದೆ? ಮೇಲಿನ ಬೀದಿಯಲ್ಲಿ ಬೋರ್‌ವೆಲ್ ಇತ್ತು. ನಮ್ಮ ಕೇರಿಯವರು ಅದನ್ನು ಮುಟ್ಟುವಂತಿರಲಿಲ್ಲ, ಹಳ್ಳದ ಗುಂಡಿಯಿಂದ ನೀರು ತರುತ್ತಿದ್ದೆವು. ಮಳೆ ಬಂದಾಗ ಊರ ಕೊಳೆಯೆಲ್ಲ ಹರಿದು ಆ ಹಳ್ಳಕ್ಕೇ ಸೇರುತ್ತಿತ್ತು. ಆ ವಾರ ಕೇರಿಯ ನಾಲ್ಕಾರು ಮನೆಗಳಲ್ಲಿ ವಾಂತಿಭೇದಿ, ಮೇಲಿನ ಬೀದಿಯಲ್ಲಿ ಒಂದೂ ಇಲ್ಲ. ದೇವರು ಕರೆದುಕೊಂಡ ಎಂದ ಮೇಲೆ ನೀರಿನ ಬಗ್ಗೆ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದು 1927ರ ಮಾರ್ಚ್ 20ರಂದು. ಅದಾಗಿ 64 ವರ್ಷಗಳ ಮೇಲಿನ ಮಾತು ಇದು.

ಮೊನ್ನೆ ಭಾನುವಾರ ಊರಿಗೆ ಹೋದಾಗ ಧರ್ಮಕೀರ್ತಿ, ಸುತ್ತ ಯಾವುದನ್ನೂ ಎತ್ತಲಿಲ್ಲ. ಅವ್ವನ ಪಕ್ಕ ಕುಳಿತು ಅವರೆಕಾಯಿ ಸುಲಿಯುತ್ತ ಆ ಹಳ್ಳದ ಮಾತು ತೆಗೆದೆ. "ಅಂಗಾದ್ರ ಆ ಮಗೀನ ಯಾರೂ ಕರ್ಕಂಡಿಲ್ವಾ?" ಎಂದಳು. ನನಗೆ ತಿಳಿದದ್ದನ್ನು ಹೇಳಿದೆ: ನೀರಿನಿಂದ ಆಯ್ತವ್ವ. ಬಹಳ ಹೊತ್ತು ಸುಮ್ಮನಿದ್ದಳು. ಸಮಾಧಾನವಾಗಿ ಅಲ್ಲ, ಅವಳ ಮುಖದಲ್ಲಿ ಸಿಟ್ಟು ಇತ್ತು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡೇ ಇರಲಿಲ್ಲ. ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದುಕೊಂಡು ಏಳುವಾಗ ಕೇಳಿದಳು:

"ಆ ಬೋರು ಯಾರ್ ದುಡ್ಡಲ್ಲಿ ಹಾಕ್ಸಿದ್ರು?"

ಭವತು ಸಬ್ಬ ಮಂಗಲಂ.
ಜೈ ಭೀಮ್.