ಗಾಲಿ ಮೇಲಿನ ಮನೆಗೂ ಅಡ್ವಾನ್ಸ್ ಬೇಕು

2020ರ ಮಾರ್ಚ್ 22, ಭಾನುವಾರ. ಹಾಸನದಲ್ಲಿ ಅಮ್ಮ ಕೊರೊನಾ ತಡೆಗೆಂದು ಕರೆದ ಜನತಾ ಕರ್ಫ್ಯೂ ದಿನ ಬಾಗಿಲಲ್ಲಿ ನಿಂತು ತಟ್ಟೆ ಬಡಿದು, ಊಟ ಮುಗಿಸಿ, ಎಂದಿನಂತೆ ನನಗೆ ಫೋನ್ ಮಾಡಿದ್ದಳು. ಪ್ರತಿ ವಾರ ಅವಳ ಮೊದಲ ಪ್ರಶ್ನೆ ಒಂದೇ: 'ಈಗ ಎಲ್ಲಿದ್ದೀರೇ?' ಆ ದಿನ ನನಗೆ ಉತ್ತರ ಬಾಯಿಗೆ ಬರಲಿಲ್ಲ. ನಾವು ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿದ್ದೆವು. ಅದು ಅಲ್ಲಿ ಎರಡನೇ ರಾತ್ರಿ ಕಳೆದ ಬೆಳಗು. ತಂಗಿದ್ದ ಕ್ಯಾಂಪ್‌ಗ್ರೌಂಡ್ ಮುಚ್ಚಿತ್ತು. 'ಮನೆಯಲ್ಲೇ ಇರಿ' ಎಂದು ರಾಜ್ಯದ ಗವರ್ನರ್ ಆದೇಶ ಹೊರಡಿಸಿ ಮೂರು ದಿನವಾಗಿತ್ತು. ನಮ್ಮ ಮನೆಗೆ ಆರು ಗಾಲಿಗಳಿದ್ದವು, ಅವನ್ನು ಊರಲು ಜಾಗವಿರಲಿಲ್ಲ.

'ಇಲ್ಲಿಗೇ ಬಂದುಬಿಡಿ' ಎಂದಳು ಅಮ್ಮ. ಭಾರತಕ್ಕೆ ಹೊರದೇಶದ ವಿಮಾನಗಳು ನಿಂತದ್ದೂ ಅದೇ ದಿನ.

ನಾವು ಆರ್‌ವಿ, ಅಂದರೆ ವಾಹನವೇ ಮನೆಯಾದ ಬದುಕಿಗೆ ಬಂದದ್ದು 2018ರಲ್ಲಿ. ಮಕ್ಕಳು ಅವರವರ ದಾರಿ ಹಿಡಿದಿದ್ದರು. ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದ ಮನೆಗೆ ಕಂದಾಯವೇ ವರ್ಷಕ್ಕೆ 11,000 ಡಾಲರ್. ಮನೆ ಮಾರಿ, ಬಂದ ಹಣದ ಬಹುಪಾಲನ್ನು ಇಂಡೆಕ್ಸ್ ಫಂಡ್‌ಗಳಲ್ಲಿಟ್ಟು, ಉಳಿದದ್ದರಲ್ಲಿ 28 ಅಡಿಯ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ಕೊಂಡೆವು. ಸಣ್ಣ ಅಂಗಡಿ, ಹೋಟೆಲ್‌ಗಳ ಲೆಕ್ಕ ಬರೆಯುವುದು ನನ್ನ ಕಸುಬು, ಇಂಟರ್ನೆಟ್ ಸಿಕ್ಕರೆ ಎಲ್ಲಿಂದಲಾದರೂ ಮಾಡಬಹುದು. ನಮ್ಮವರು ಬೇಗ ನಿವೃತ್ತಿ ತೆಗೆದುಕೊಂಡಿದ್ದರು. ವಿಳಾಸಕ್ಕೆ ಸೌತ್ ಡಕೋಟಾ ಆರಿಸಿಕೊಂಡೆವು. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಒಂದು ರಾತ್ರಿ ತಂಗಿದ ರಸೀದಿ ತೋರಿಸಿದರೆ ನಮ್ಮಂಥ ಸಂಚಾರಿಗಳಿಗೂ ಡ್ರೈವಿಂಗ್ ಲೈಸೆನ್ಸ್ ಕೊಡುತ್ತಿದ್ದರು.

ಖರ್ಚು ನಿಜಕ್ಕೂ ಇಳಿಯಿತು. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಬಳಿಯ ಮರುಭೂಮಿಯಲ್ಲಿ ಬಿಎಲ್‌ಎಂ ಎಂಬ ಕೇಂದ್ರ ಸರ್ಕಾರದ ಭೂ ಇಲಾಖೆ ದೀರ್ಘಕಾಲ ತಂಗುವವರಿಗೆಂದೇ ಜಾಗ ಬಿಟ್ಟಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಏಳು ತಿಂಗಳಿಗೆ ಸೇರಿ ಆಗ ಶುಲ್ಕ 180 ಡಾಲರ್. ಕರೆಂಟು ಇಲ್ಲ, ಬಿಸಿಲಿದೆ. ಸೋಲಾರ್ ಹಾಕಿಕೊಂಡರೆ ಚಳಿಗಾಲ ಸುಖವಾಗಿ ಕಳೆಯುತ್ತದೆ. ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಕ್ಯಾಂಪ್‌ಗ್ರೌಂಡ್ ಒಂದರಲ್ಲಿ ಕ್ಯಾಂಪ್ ಹೋಸ್ಟ್ ಆಗಿ ಐದು ತಿಂಗಳ ಕೆಲಸ: ಬಂದವರಿಗೆ ಜಾಗ ತೋರಿಸುವುದು, ಶೌಚಾಲಯ ತೊಳೆಯುವುದು, ಒಲೆಗುಂಡಿಯ ಬೂದಿ ತೆಗೆಯುವುದು. ಜಾಗ ಪುಕ್ಕಟೆ, ಮೇಲೆ ಸಂಬಳ. ಮರುಭೂಮಿಯಲ್ಲಿ ಏಳೂ ತಿಂಗಳು ಇರುತ್ತಿರಲಿಲ್ಲ, ನಡುವಿನ ಎರಡು ತಿಂಗಳು ಮಾತ್ರ ದಿನಬಾಡಿಗೆ. 2019ರಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಇಡೀ ವರ್ಷ ನಾವು ಕೊಟ್ಟದ್ದು 2,280 ಡಾಲರ್, ಅಂದರೆ ತಿಂಗಳಿಗೆ 190. ಪೆಟ್ರೋಲಿಗೆ ತಿಂಗಳಿಗೆ 410. ಹಾಸಿಗೆ ಇದ್ದಷ್ಟೇ ಕಾಲು ಚಾಚಿದ್ದೇವೆ ಎಂಬ ಸಮಾಧಾನ ನನಗಿತ್ತು.

ಆ ಹಾಸಿಗೆ ಬೇರೆಯವರ ಜಗುಲಿಯ ಮೇಲಿತ್ತು ಎಂಬುದು 2020ರ ಮಾರ್ಚ್‌ನಲ್ಲಿ ತಿಳಿಯಿತು. ಕ್ಯಾಲಿಫೋರ್ನಿಯಾ ತನ್ನ ರಾಜ್ಯ ಉದ್ಯಾನಗಳ ಕ್ಯಾಂಪ್‌ಗ್ರೌಂಡ್‌ಗಳನ್ನು 17ರಂದು ಮುಚ್ಚಿತು. ಯೂಟಾದ ಮೋಆಬ್ ಸುತ್ತಮುತ್ತ ಹೊರಗಿನವರು ತಂಗುವುದನ್ನೇ ಆರೋಗ್ಯ ಇಲಾಖೆ ನಿಷೇಧಿಸಿತು. ಸಣ್ಣ ಊರಿನ ಆಸ್ಪತ್ರೆ ಎಷ್ಟು ಜನರನ್ನು ತಾನೇ ನೋಡಿಕೊಂಡೀತು? ಯೊಸೆಮಿಟಿ 20ರಂದು, ಯೆಲ್ಲೋಸ್ಟೋನ್ 24ರಂದು, ಗ್ರ್ಯಾಂಡ್ ಕ್ಯಾನಿಯನ್ ಏಪ್ರಿಲ್ 1ರಂದು ಬಾಗಿಲು ಹಾಕಿದವು. ನಮ್ಮ ಬೇಸಿಗೆಯ ಹೋಸ್ಟ್ ಕೆಲಸ ಒಂದು ಇ-ಮೇಲ್‌ನಲ್ಲಿ ರದ್ದಾಯಿತು. ಇವ್ಯಾವುದನ್ನೂ ನಾನು ತಪ್ಪೆನ್ನಲಾರೆ. ಆದರೆ ರಜೆಗೆ ಬಂದವರು ಮನೆಗೆ ಹೋದರು, ನಾವು ಹೋಗಬೇಕಾದ ಮನೆಯಲ್ಲೇ ಕೂತಿದ್ದೆವು.

ಖಾಸಗಿ ಆರ್‌ವಿ ಪಾರ್ಕ್‌ಗಳಿಗೆ ಒಂದಾದ ಮೇಲೊಂದು ಫೋನ್ ಮಾಡಿದೆ. 'ಯಾವ ರಾಜ್ಯದ ನಂಬರ್ ಪ್ಲೇಟ್?' ಎಂದು ಕೇಳುತ್ತಿದ್ದರು. ಸೌತ್ ಡಕೋಟಾ ಎಂದ ಕೂಡಲೇ ಕೆಲವರು ಇಲ್ಲವೆಂದರು. ಆ ರಾಜ್ಯಕ್ಕೆ ನಾವು ಕಾಲಿಟ್ಟು ವರ್ಷದ ಮೇಲಾಗಿತ್ತು. ತೆರಿಗೆ ಉಳಿಸಿದ ವಿಳಾಸವೇ ಈಗ ನಮ್ಮನ್ನು ಎಲ್ಲೆಡೆ ಹೊರಗಿನವರನ್ನಾಗಿ ಮಾಡಿತ್ತು. ಈ ನಡುವೆ ಶೌಚದ ಟ್ಯಾಂಕ್ ತುಂಬುತ್ತಾ ಬಂತು. ಅದನ್ನು ಖಾಲಿ ಮಾಡುವ ಡಂಪ್ ಸ್ಟೇಷನ್‌ಗಳು ಹೆಚ್ಚಾಗಿ ಕ್ಯಾಂಪ್‌ಗ್ರೌಂಡ್‌ಗಳ ಒಳಗೇ ಇರುವಂಥವು. ಪಾತ್ರೆ ತೊಳೆಯುವ ನೀರನ್ನೂ ನಮ್ಮವರು ಲೋಟದಲ್ಲಿ ಅಳೆದು ಕೊಡುತ್ತಿದ್ದರು. ಕೊನೆಗೆ ಫೀನಿಕ್ಸ್ ಹೊರವಲಯದ ಒಂದು ಪಾರ್ಕಿನ ಒಡತಿ 'ಬನ್ನಿ, ಆದರೆ ತಿಂಗಳ ಲೆಕ್ಕದಲ್ಲಿ ಮುಂಗಡ ಕೊಡಬೇಕು' ಎಂದರು. 780 ಡಾಲರ್, ಕರೆಂಟು ಬೇರೆ. ಆ ಹೆಂಗಸಿನ ದನಿ ನನಗೆ ಇವತ್ತಿಗೂ ನೆನಪಿದೆ.

ಅಲ್ಲಿ ಏಳು ತಿಂಗಳು ಇದ್ದೆವು. ಬುದ್ಧಿಯಿದ್ದವರು ಬೇಸಿಗೆಯಲ್ಲಿ ಫೀನಿಕ್ಸ್ ಬಿಟ್ಟು ಬೆಟ್ಟ ಹತ್ತುತ್ತಾರೆ. ಆ ವರ್ಷ ಅಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್, ಮುಟ್ಟಿದ ದಿನಗಳು 53. ಅದು ಆಗಿನ ದಾಖಲೆ. ನಮ್ಮ ಆರ್‌ವಿಯ ಗೋಡೆ ಎರಡಂಗುಲ ದಪ್ಪವೂ ಇರಲಿಲ್ಲ. ಎಸಿ ಹಗಲೂ ರಾತ್ರಿ ಓಡಿತು. ಕರೆಂಟಿನ ಬಿಲ್ ಸರಾಸರಿ ತಿಂಗಳಿಗೆ 170 ಡಾಲರ್. ಬಾಡಿಗೆ ಸೇರಿ 950, ಏಳು ತಿಂಗಳಿಗೆ 6,650. ಏಪ್ರಿಲ್‌ನಲ್ಲಿ ಅಮೆರಿಕದ ಸರಾಸರಿ ಪೆಟ್ರೋಲ್ ಬೆಲೆ ಗ್ಯಾಲನ್‌ಗೆ ಎರಡು ಡಾಲರ್‌ಗಿಂತ ಕೆಳಗಿಳಿಯಿತು. ಗಾಡಿ ಕೊಂಡ ಮೇಲೆ ಓಡುವುದು ಇಷ್ಟು ಅಗ್ಗವಾದದ್ದನ್ನು ನಾವು ಕಂಡಿರಲಿಲ್ಲ, ಆದರೆ ಓಡಲು ದಾರಿಯಿರಲಿಲ್ಲ. ನಿಲ್ಲುವುದೇ ದುಬಾರಿಯಾಗಿತ್ತು.

ನನ್ನ ಲೆಕ್ಕ ಎಡವಿದ್ದು ಎಲ್ಲಿ ಎಂದು ಹೇಳುತ್ತೇನೆ. ತುರ್ತು ನಿಧಿ ಎಂದು ನಾವು 9,000 ಡಾಲರ್ ಇಟ್ಟಿದ್ದೆವು. ತಿಂಗಳ ಖರ್ಚು 3,000, ಮೂರು ತಿಂಗಳಿಗೆ ಸಾಕು ಎಂದು. ಆ 3,000ದಲ್ಲಿ ನಿಲ್ಲುವ ಜಾಗಕ್ಕೆ ಹಿಡಿದದ್ದು 190 ಮಾತ್ರ. ಕಟ್ಟಡದ ಮನೆಯಲ್ಲಿರುವವರಿಗೆ ಕಷ್ಟ ಬಂದಾಗ ಆದಾಯ ಇಳಿಯಬಹುದು, ಬಾಡಿಗೆ ಮಾತ್ರ ಇದ್ದಷ್ಟೇ ಇರುತ್ತದೆ. ನಮಗೆ ಎರಡೂ ಕಡೆಯಿಂದ ಪೆಟ್ಟು. ನಾನು ಲೆಕ್ಕ ಬರೆಯುತ್ತಿದ್ದ ಹೋಟೆಲ್‌ಗಳು ಮುಚ್ಚಿ ನನ್ನ ಸಂಪಾದನೆ ಮೂರರಲ್ಲೊಂದು ಪಾಲು ಹೋಯಿತು. ಹೋಸ್ಟ್ ಕೆಲಸದ 5,500 ಡಾಲರ್ ಹೋಯಿತು. ಅದೇ ಹೊತ್ತಿಗೆ ಜಾಗದ ಖರ್ಚು ಐದು ಪಟ್ಟಾಯಿತು. ಸುಖದ ದಿನಗಳ ಖರ್ಚನ್ನು ಅಳತೆಗೋಲಾಗಿ ಹಿಡಿದು ಕಷ್ಟಕಾಲದ ಗಂಟು ಕಟ್ಟಿದ್ದೆ. ಆರೋಗ್ಯ ವಿಮೆಯದೂ ಇದೇ ಕಥೆ. ಸೌತ್ ಡಕೋಟಾದ ಆಸ್ಪತ್ರೆಗಳ ಜಾಲದ ಹೊರಗೆ ಅದು ತುರ್ತು ಚಿಕಿತ್ಸೆಗೆ ಮಾತ್ರ ಅನ್ವಯ. ನಮ್ಮವರ ಬಿಪಿ ಏರಿದಾಗ ಫೀನಿಕ್ಸ್‌ನ ಡಾಕ್ಟರಿಗೆ ಕೈಯಿಂದಲೇ ಕೊಟ್ಟೆವು.

ಏಪ್ರಿಲ್‌ನಲ್ಲಿ ಸರ್ಕಾರದಿಂದ ತಲೆಗೆ 1,200ರಂತೆ ಇಬ್ಬರಿಗೆ 2,400 ಡಾಲರ್ ಬಂತು. ಜಾಗದ ಲೆಕ್ಕದಲ್ಲಿ ಅದು ಎರಡೂವರೆ ತಿಂಗಳು. ಆದರೆ ನಮ್ಮನ್ನು ನಿಜವಾಗಿ ಕಾಪಾಡಿದ್ದು, ಲೆಕ್ಕ ತಪ್ಪಿದ್ದರೂ, ಆ 9,000ವೇ. ಅಮೆರಿಕದ ಶೇರುಪೇಟೆಯ ಎಸ್‌ ಆ್ಯಂಡ್‌ ಪಿ 500 ಸೂಚ್ಯಂಕ ಫೆಬ್ರವರಿ 19ರಿಂದ ಮಾರ್ಚ್ 23ರ ಒಳಗೆ ಶೇ 34ರಷ್ಟು ಬಿದ್ದಿತ್ತು. ಫಂಡ್ ಮಾರಿ ಎಲ್ಲಾದರೂ ಒಂದು ಮನೆಗೆ ಮುಂಗಡ ಕಟ್ಟಿಬಿಡೋಣ ಎಂದು ನಾವಿಬ್ಬರೂ ಒಂದು ರಾತ್ರಿಯಿಡೀ ಮಾತಾಡಿದೆವು. ಕೈಯಲ್ಲಿ ನಗದು ಇದ್ದದ್ದರಿಂದ ಬೆಳಗಾಗುವವರೆಗೆ ಕಾದೆವು. ಆಮೇಲೆ ಮತ್ತೊಂದು ತಿಂಗಳು ಕಾದೆವು. ಆಗಸ್ಟ್ 18ಕ್ಕೆ ಸೂಚ್ಯಂಕ ಫೆಬ್ರವರಿಯ ಎತ್ತರವನ್ನು ದಾಟಿತ್ತು. ತುರ್ತು ನಿಧಿಗೆ ಬಡ್ಡಿ ಸಿಗುವುದಿಲ್ಲ ಎನ್ನುವವರಿಗೆ ನಾನು ಈ ಮಾತು ಹೇಳುತ್ತೇನೆ: ಅದರ ಕೆಲಸ, ಇರುವ ಆಸ್ತಿಯನ್ನು ಕೆಟ್ಟ ದಿನ ಮಾರದಂತೆ ನಮ್ಮ ಕೈ ಹಿಡಿಯುವುದು.

ಆಮೇಲೆ ಅಮೆರಿಕದ ಎಷ್ಟೋ ಜನಕ್ಕೆ ಆರ್‌ವಿ ಹುಚ್ಚು ಹಿಡಿಯಿತು. 2021ರಲ್ಲಿ ಕಾರ್ಖಾನೆಗಳಿಂದ 6 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು, ಅದುವರೆಗೆ ಅಷ್ಟು ಬಂದದ್ದೇ ಇಲ್ಲ. ನನ್ನ ಕನ್ನಡದ ಗೆಳತಿಯರೂ ಕೊಳ್ಳಬಹುದೇ ಎಂದು ಕೇಳತೊಡಗಿದರು. ಅವರಿಗೆ ನಾನು ಹೇಳುವುದು ಎರಡು ಮಾತು. ಮೊದಲು ಸಾಲದ ಮಾತು. ಮಲಗಲು, ಅಡುಗೆಗೆ, ಶೌಚಕ್ಕೆ ವ್ಯವಸ್ಥೆಯಿದ್ದರೆ ತೆರಿಗೆ ಇಲಾಖೆ ಆರ್‌ವಿಯನ್ನು ಮನೆ ಎಂದೇ ಒಪ್ಪುತ್ತದೆ, ಬಡ್ಡಿಗೆ ವಿನಾಯಿತಿ ಉಂಟು ಎಂದು ಮಾರುವವರು ಹೇಳುತ್ತಾರೆ. ಅದು ನಿಜ. ಆದರೆ 2020ರಲ್ಲಿ ದಂಪತಿಗೆ ಯಾವ ಖರ್ಚಿನ ಲೆಕ್ಕವನ್ನೂ ತೋರಿಸದೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 24,800 ಡಾಲರ್ ಇತ್ತು. ಬಡ್ಡಿಯೂ ಸೇರಿ ನಿಮ್ಮ ವಿನಾಯಿತಿಗಳು ಅದನ್ನು ಮೀರದಿದ್ದರೆ ಒಂದು ಕಾಸೂ ಉಳಿಯದು. ಗಾಡಿಯ ಬೆಲೆ ಮಾತ್ರ ವರ್ಷ ವರ್ಷ ಇಳಿಯುತ್ತದೆ.

ಎರಡನೆಯದು ನಮ್ಮ ಬೆಂಗಳೂರಿನ ಪಾಠ. ಮದುವೆಯಾದ ಹೊಸತರಲ್ಲಿ ಜಯನಗರದಲ್ಲಿ ಮನೆ ಹಿಡಿದಾಗ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿದ್ದೆವು. ಬಡ್ಡಿಯಿಲ್ಲದೆ ಓನರ್ ಕೈಯಲ್ಲಿ ಕೂತ ಆ ದುಡ್ಡು ನೆನೆದು ಹೊಟ್ಟೆ ಉರಿಯುತ್ತಿತ್ತು. ಗಾಲಿ ಮೇಲೆ ಬದುಕುವವರು ಆ ಅಡ್ವಾನ್ಸನ್ನು ತಮಗೆ ತಾವೇ ಕೊಟ್ಟುಕೊಳ್ಳಬೇಕು. ಖಾಸಗಿ ಪಾರ್ಕಿನ ಪೂರ್ತಿ ದರದಲ್ಲಿ, ಕರೆಂಟೂ ಸೇರಿಸಿ, ಕನಿಷ್ಠ ಆರು ತಿಂಗಳಿಗೆ ಆಗುವಷ್ಟು. ನಮ್ಮ ಲೆಕ್ಕದಲ್ಲಿ 5,700 ಡಾಲರ್. ಇದು ತುರ್ತು ನಿಧಿಯಿಂದ ಬೇರೆ, ಎಂಜಿನ್ ಕೆಟ್ಟರೆ ಬೇಕಾಗುವ ರಿಪೇರಿ ದುಡ್ಡಿನಿಂದಲೂ ಬೇರೆ. ಇಷ್ಟನ್ನು ಪಕ್ಕಕ್ಕಿಟ್ಟ ಮೇಲೂ ಆರ್‌ವಿ ಅಗ್ಗ ಎನಿಸಿದರೆ ಹೊರಡಿ. ಎನಿಸದಿದ್ದರೆ ಇನ್ನೆರಡು ವರ್ಷ ದುಡಿದು ಹೊರಡಿ, ದಾರಿ ಎಲ್ಲಿಗೂ ಹೋಗುವುದಿಲ್ಲ.

ನಾವು 2021ರಲ್ಲಿ ನ್ಯೂ ಮೆಕ್ಸಿಕೋದ ಎತ್ತರದ ಒಂದು ಸಣ್ಣ ಊರಿನಲ್ಲಿ ವರ್ಷಬಾಡಿಗೆಗೆ ಜಾಗ ಹಿಡಿದೆವು. ವರ್ಷಕ್ಕೆ 3,600 ಡಾಲರ್. ಅಲ್ಲಿ ಇರುವುದು ನಾಲ್ಕೇ ತಿಂಗಳು, ಉಳಿದ ಎಂಟು ತಿಂಗಳು ಅದು ಖಾಲಿ. ಆ ಖಾಲಿ ತಿಂಗಳುಗಳ ಬಾಡಿಗೆಯನ್ನು ನಾನು ಲೆಕ್ಕದ ಪುಸ್ತಕದಲ್ಲಿ ವಿಮೆ ಎಂಬ ತಲೆಬರಹದ ಕೆಳಗೆ ಬರೆಯುತ್ತೇನೆ. ಭಾನುವಾರ ಅಮ್ಮ ಎಲ್ಲಿದ್ದೀರೆಂದು ಕೇಳಿದರೆ ಆ ವಾರದ ಊರಿನ ಹೆಸರು ಹೇಳುತ್ತೇನೆ. ಬೇರೆ ಬೇರೆ ಹೆಸರು ಕೇಳಿ ಅವಳಿಗೆ ಅಭ್ಯಾಸವಾಗಿದೆ. ಹೆಸರಾದ ಮೇಲೆ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತದೆ: 'ಆ ನಿಮ್ಮ ಜಾಗದ ಬಾಡಿಗೆ ಕಟ್ಟಿದ್ದೀರಾ?'

'ಕಟ್ಟಿದ್ದೀನಮ್ಮ' ಎನ್ನುತ್ತೇನೆ. ಆಮೇಲೆ ಅವಳು ಊಟದ ವಿಷಯಕ್ಕೆ ಬರುತ್ತಾಳೆ.